ತೋಟದ ಕೊಟ್ಟಿಗೆಗೆ ಎಷ್ಟೆತ್ತರದ ಬಾಗಿಲು

ಖರಗಪುರ
12 ಜನವರಿ 1998

ಅಕ್ಕಾ,

ನಾನೂ ರೇಣುಕಾನೂ ಆರಾಮ ಇದ್ದೇವೆ. ಚಳಿಯೊಂದು ಬಂದು ನೆಂಟನಂತೆ ಕೂತುಬಿಟ್ಟಿದೆ, ಹೋಗುವ ಲಕ್ಷಣ ಕಾಣುತ್ತಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಮುಂದಿನ ವರ್ಷಕ್ಕೆ ನನ್ನ ರೈಲ್ವೆ ನೌಕರಿಗೆ ಇಪ್ಪತ್ತು ವರ್ಷ ತುಂಬುತ್ತದೆ. ಕುಸ್ತಿ ನೋಡಿ ಕರೆದು ಕೊಟ್ಟ ನೌಕರಿ ಇದು. ಅವರ ಪರವಾಗಿ ಆಡಿದ್ದೂ ಆಯಿತು, ಅವರ ಕಾರ್ಖಾನೆಯಲ್ಲಿ ಕಬ್ಬಿಣ ಬಡಿದದ್ದೂ ಆಯಿತು. ನಿವೃತ್ತಿ ತೆಗೆದುಕೊಂಡು ಆನೆಗೊಂದಿಗೆ ಬಂದುಬಿಡಬೇಕೆಂದು ಗಟ್ಟಿ ಮಾಡಿದ್ದೇನೆ. ಬಂದು ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುವವನಲ್ಲ ನಾನು. ಅಪ್ಪ ತೀರಿಕೊಂಡ ಮೇಲೆ ಊರಿನ ತಾಲೀಮು ಮನೆ ಮುಚ್ಚಿತು, ಅದರ ಗೋಡೆಯೂ ಬಿತ್ತು. ನಮ್ಮ ಅಪ್ಪ ಮುದಿಯಪ್ಪ ಪೈಲ್ವಾನರ ಊರಲ್ಲಿ ಒಂದು ಗರಡಿ ಇಲ್ಲ ಎಂದರೆ ನನಗೆ ನಾಚಿಕೆ.

ಇಲ್ಲಿ ಒಬ್ಬ ದೊಡ್ಡ ಸಾಹೇಬರಿದ್ದಾರೆ. ಅವರ ಬಂಗಲೆಯ ತೋಟದಲ್ಲಿ ಒಂದು ಸಣ್ಣ ಮರದ ಮನೆ ಇದೆ. ಅರ್ಧ ಭಾಗದಲ್ಲಿ ಡಂಬೆಲ್ಲು, ಕನ್ನಡಿ, ಚಾಪೆ. ಇನ್ನರ್ಧದಲ್ಲಿ ಬಡಗಿಯ ಮೇಜು, ಉಳಿ, ಗರಗಸ. ಮುಂಜಾನೆ ಮೈ ದಣಿಸುತ್ತಾರೆ, ಸಂಜೆ ಕುರ್ಚಿ ಮಾಡುತ್ತಾರೆ. ಆ ಕುರ್ಚಿಯ ಮೇಲೆ ಯಾರಾದರೂ ಕೂತದ್ದನ್ನು ನಾನು ನೋಡಿಲ್ಲ, ಅದು ಬೇರೆ ಮಾತು. ಆದರೆ ಏರ್ಪಾಡು ನನ್ನ ಮನಸ್ಸಿಗೆ ಹತ್ತಿತು. ನಮ್ಮ ಬಾಳೆ ತೋಟದಲ್ಲೂ ಅಂಥದೊಂದು ಮಾಡೋಣ. ಅರ್ಧ ನನ್ನ ಗರಡಿ, ಅರ್ಧ ನಿಮ್ಮ ಬಾಳೆ ನಾರಿನ ಕೆಲಸಕ್ಕೆ. ನೀನು, ದಾವಲಬೀ, ಇನ್ನುಳಿದವರು ಅಂಗಳದಲ್ಲಿ ಬಿಸಿಲಿಗೆ ಕೂತು ಬುಟ್ಟಿ ಹೆಣೆಯುವುದು ತಪ್ಪುತ್ತದೆ.

ಮರದ ಮನೆಯೋ, ಗಂಗಾವತಿಯಲ್ಲಿ ಮಾಡಿ ಮಾರುವ ತಗಡಿನ ಶೆಡ್ಡೋ, ಇಲ್ಲಾ ತೋಟದಲ್ಲಿರುವ ಹಳೆಯ ದನದ ಕೊಟ್ಟಿಗೆಯನ್ನೇ ರಿಪೇರಿ ಮಾಡಿಸುವುದೋ, ಮೂರನ್ನೂ ನೋಡಿ ನೀನೇ ಬರೆ. ತೋಟ ಇಬ್ಬರದು, ಅಲ್ಲಿರುವ ಕಣ್ಣು ನಿನ್ನದು.

ನಿನ್ನ ತಮ್ಮ
ಪರಮೇಶ


ಆನೆಗೊಂದಿ
2 ಫೆಬ್ರವರಿ 1998

ತಮ್ಮಾ ಪರಮೇಶ,

ಮೊದಲು ಒಂದು ಮಾತು. ನಾವೀಗ ರಾಯಚೂರು ಜಿಲ್ಲೆಯಲ್ಲಿಲ್ಲ. ಹೋದ ವರ್ಷವೇ ಕೊಪ್ಪಳ ಜಿಲ್ಲೆ ಆಗಿದೆ. ನೀನು ಹಳೇ ವಿಳಾಸ ಬರೆಯುತ್ತೀಯ, ಅಂಚೆಯವನು ಪ್ರತಿಸಲ ನನಗೆ ಪಾಠ ಹೇಳಿ ಪತ್ರ ಕೊಡುತ್ತಾನೆ.

ನೀನು ಬರುತ್ತೀ ಎಂದು ಓದಿ ನನಗೆ ಆದ ಸಂತೋಷ ಹೇಳತೀರದು. ನಮ್ಮ ಮನೆಯವರು, ನಿನ್ನ ಮಾಮಾ ತಿಮ್ಮಣ್ಣನವರು, ಕಾಲುವೆ ಗೇಟಿನ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅರ್ಧ ಊರಿಗೆ ಹೇಳಿ ಮುಗಿಸಿದ್ದೆ.

ಮರದ ಮನೆಯ ಆಸೆ ಬಿಡು. ನಮ್ಮ ತೋಟದ ಗೆದ್ದಲಿಗೆ ಅದು ಒಂದು ಹಬ್ಬದ ಊಟ. ತಗಡಿನ ಶೆಡ್ಡು ನೋಡಲು ನಾನೂ ನಿನ್ನ ಮಾಮಾನೂ ಗಂಗಾವತಿಗೆ ಹೋಗಿದ್ದೆವು. ಬೇಕೆಂದೇ ನಡು ಮಧ್ಯಾಹ್ನ ಒಳಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೇ ಮೆಣಸಿನಕಾಯಿ ಹುರಿದ ಹಾಗಾಯಿತು. ಮಾರುವವನು, “ಒಳಗೊಂದು ಕೂಲರ್ ಇಟ್ಕೊಳ್ರಿ ಅಕ್ಕಾರ, ಕಾಶ್ಮೀರ ಆಕ್ಕೈತಿ” ಅಂದ. ಕಾಶ್ಮೀರ ಅವನಿಗೇ ಇರಲಿ ಎಂದು ಬಂದೆವು.

ಹಾಗಾಗಿ ಕೊಟ್ಟಿಗೆಯೇ ಸರಿ. ಕಲ್ಲಿನ ಗೋಡೆ ಅಲುಗಾಡಿಲ್ಲ, ಹಿಂದಿನ ಗೋಡೆಯಂತೂ ದೇವರು ಇಟ್ಟ ಬಂಡೆಯೇ. ಮಣ್ಣಿನ ಮಾಳಿಗೆ ಮಾತ್ರ ಸೋರಿ ಕೂತಿದೆ. ಅದನ್ನು ಕೆಡವಿ, ಗೋಡೆ ಎತ್ತರಿಸಿ ಹೆಂಚು ಹಾಕಿಸೋಣ. ಶ್ರೀರಾಮನಗರದಲ್ಲಿ ಹಳೇ ಅಕ್ಕಿ ಗಿರಣಿಯ ಗೋದಾಮು ಬಿಚ್ಚುತ್ತಿದ್ದಾರೆ. ಸಾಗುವಾನಿ ತೊಲೆ, ಹೆಂಚು, ಎಲ್ಲ ಅಲ್ಲೇ ಸಿಗುತ್ತದೆ. ಎಮ್ಮೆಯನ್ನು ಮನೆಯ ಹತ್ತಿರ ಕಟ್ಟುತ್ತೇನೆ, ಅದಕ್ಕೂ ಮುಪ್ಪಿನಲ್ಲಿ ಮಾತಾಡಲು ಜನ ಬೇಕು.

ನನ್ನದು ಒಂದೇ ಷರತ್ತು. ಬಾಗಿಲು ಎತ್ತರ ಇರಬೇಕು. ಬಾಳೆ ದಿಂಡಿನ ಹೊರೆ ತಲೆಯ ಮೇಲೆ ಹೊತ್ತವಳು ನೆಟ್ಟಗೆ ಒಳಗೆ ಬರಬೇಕು. ನೀನು ಹೂಂ ಅಂದರೆ ಗೌಂಡಿ ಮಾರೆಪ್ಪನಿಗೆ ಹೇಳುತ್ತೇನೆ.

ನಿನ್ನ ಅಕ್ಕ
ಕಸ್ತೂರೆಮ್ಮ


ಖರಗಪುರ
1 ಮಾರ್ಚ್ 1998

ಅಕ್ಕಾ,

ಈ ಸಲ ಕೊಪ್ಪಳ ಜಿಲ್ಲೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಅಂಚೆಯವನಿಗೆ ತೋರಿಸು.

ಕೊಟ್ಟಿಗೆಗೆ ಹೂಂ. ಹೆಂಚಿಗೆ ಹೂಂ. ಬಂಡೆಯ ಕಡೆ ಭಾಗ ನನಗೆ ಬಿಡು, ಅಲ್ಲಿ ತಂಪಿರುತ್ತದೆ, ಕುಸ್ತಿಯ ಮಣ್ಣಿಗೆ ಒಳ್ಳೆಯದು. ಅಖಾಡ ಹನ್ನೆರಡು ಅಡಿ ಉದ್ದ, ಅಷ್ಟೇ ಅಗಲ ಅಗೆಸು. ತೊಲೆಗೆ ಒಂದು ಗಟ್ಟಿ ಕೊಂಡಿ ಹಾಕಿಸು, ಹಗ್ಗ ಹತ್ತಲು ಬೇಕು.

ಬಾಗಿಲಿಗೆ ಮಾತ್ರ ಹೂಂ ಅನ್ನಲಾರೆ. ಗರಡಿಯ ಬಾಗಿಲು ಎದೆಮಟ್ಟ ಇರಬೇಕು. ಎಂಥ ಪೈಲ್ವಾನನಾದರೂ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ಒಳಗೆ ಬರಬೇಕು, ಎದುರಿಗೆ ಹನುಮಪ್ಪನ ಗೂಡು ಇರಬೇಕು. ಗೆದ್ದು ಬಂದವನ ಜಂಬ ಬಾಗಿಲಲ್ಲೇ ಉದುರಬೇಕೆಂದು ಅಪ್ಪ ಹೇಳುತ್ತಿದ್ದರಲ್ಲ. ಎತ್ತರದ ಬಾಗಿಲು ಇಟ್ಟರೆ ಅದು ಗರಡಿಯಲ್ಲ, ಪಂಚಾಯ್ತಿ ಆಫೀಸು. ನಿಮ್ಮ ಕಡೆಗೆ ಬೇರೆ ಬಾಗಿಲು ಒಡೆಸು, ನಡುವೆ ಗೋಡೆ ಹಾಕಿಸು. ಹೆಂಗಸರು ಆ ಕಡೆ, ಗರಡಿ ಈ ಕಡೆ. ಹೆಣ್ಣುಮಕ್ಕಳು ಗರಡಿಯೊಳಗೆ ಬರಬಾರದೆಂದು ನಾನು ಮಾಡಿದ ನೇಮವಲ್ಲ, ಅಪ್ಪ ಮಾಡಿದ್ದು.

ಪರಮೇಶ


ಆನೆಗೊಂದಿ
25 ಮಾರ್ಚ್ 1998

ಪರಮೇಶ,

ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂತು. ಮಾರೆಪ್ಪ ಗೋಡೆ ಕೆಲಸ ಶುರು ಮಾಡಿದ್ದಾನೆ, ಅವನ ಮೇಲೂ ಅದನ್ನೇ ತೀರಿಸಿಕೊಂಡೆ, ಪಾಪ.

ನೀನು ಹುಡುಗನಾಗಿದ್ದಾಗ ದಿನಾ ಮುಂಜಾನೆ ನಿನಗೂ ಅಪ್ಪನಿಗೂ ಗರಡಿಗೆ ಹಾಲು ತರುತ್ತಿದ್ದವಳು ಯಾರು? ಬಾಗಿಲ ಹೊರಗೆ ಚೊಂಬು ಹಿಡಿದು ನಿಲ್ಲುತ್ತಿದ್ದೆ. ಬಾಗಿಲು ಎದೆಮಟ್ಟ. ಒಳಗಿನಿಂದ ಏದುಸಿರು, ತೊಡೆ ತಟ್ಟುವ ಸದ್ದು, ಎಣ್ಣೆ ಬೆರೆತ ಮಣ್ಣಿನ ವಾಸನೆ. ನನಗೆ ಕಾಣುತ್ತಿದ್ದದ್ದು ಬರೀ ಕಾಲುಗಳು. ನೀನು ಯಾರನ್ನು ಕೆಡವಿದೆ, ಯಾರ ಕೈಲಿ ಬಿದ್ದೆ ಎಂದು ನಾನು ಕಾಲು ನೋಡಿಯೇ ತಿಳಿಯಬೇಕಾಗಿತ್ತು. ಬಗ್ಗಿ ನೋಡಿದರೆ ಅಪ್ಪ ಗದರುತ್ತಿದ್ದರು. ಅಪ್ಪನ ಮೇಲೆ ನನಗೆ ಎಷ್ಟು ಪ್ರೀತಿಯೋ ಈ ಒಂದು ವಿಷಯದಲ್ಲಿ ಅಷ್ಟೇ ಸಿಟ್ಟು, ಈಗಲೂ ಇದೆ. ನಾನು ನಿಂತು ಕಟ್ಟಿಸುವ ಮನೆಗೆ ನನಗೆ ಕಾಲು ಮಾತ್ರ ಕಾಣುವ ಬಾಗಿಲು ಇಡಲಾರೆ.

ನಡುವಿನ ಗೋಡೆಯೂ ಬೇಡ. ಗಾಳಿ ಆಡಬೇಕು.

ಇನ್ನೊಂದು. ಗುಂಡುಕಲ್ಲು ಎತ್ತುವಾಗ ಮೊದಲು ಮಂಡಿ ಬಗ್ಗಿಸಬೇಕೋ ಸೊಂಟವೋ? ಹೀಗೇ ನೆನಪಾಯಿತು, ಕೇಳಿದೆ. ಕವಿತಾ ಪಿಯುಸಿಗೆ ಗಂಗಾವತಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕಾಲೇಜಿಲ್ಲದ ದಿನ ಮಾರೆಪ್ಪನಿಗೆ ಕಲ್ಲು ಎತ್ತಿಕೊಡುತ್ತಾಳೆ. ಮಗಳು ಗಟ್ಟಿ ಇದ್ದಾಳೆ.

ಕಸ್ತೂರೆಮ್ಮ


ಖರಗಪುರ
20 ಏಪ್ರಿಲ್ 1998

ಅಕ್ಕಾ,

ಸಿಟ್ಟಿನಲ್ಲೂ ನೀನು ಚೆನ್ನಾಗಿ ಬರೆಯುತ್ತೀ. ಕಟ್ಟಿಕೊಂಡ ಹೆಂಡತಿ ರೇಣುಕಾನೇ ಎರಡು ಸಲ ಓದಿಸಿಕೊಂಡು ನಿನ್ನ ಪಕ್ಷ ಸೇರಿದ್ದಾಳೆ.

ಗುಂಡಿನ ಮಾತು ಕೇಳಿದ್ದೀ, ಹೇಳುತ್ತೇನೆ. ಸೊಂಟ ಎಂದೂ ಬಗ್ಗಿಸಬಾರದು. ಮಂಡಿ ಬಗ್ಗಿಸಿ ಕೂರಬೇಕು, ಬೆನ್ನು ನೆಟ್ಟಗಿಡಬೇಕು, ಗುಂಡನ್ನು ಮೊದಲು ತೊಡೆಗೆ ತರಬೇಕು, ಅಲ್ಲಿ ಉಸಿರು ತೆಗೆದುಕೊಂಡು ಎದೆಗೆ, ಆಮೇಲೆ ಹೆಗಲಿಗೆ. ಅವಸರ ಮಾಡಿದವನ ಬೆನ್ನು ಹೋಗುತ್ತದೆ. ಇದನ್ನು ತಿಳಿದು ನಿನಗೇನು ಆಗಬೇಕೋ ಕಾಣೆ, ಮಾಮಾನಿಗೆ ಈ ವಯಸ್ಸಿನಲ್ಲಿ ಶೋಕಿ ಹತ್ತಿದ್ದರೆ ಬೇಡ ಅನ್ನು.

ಬಾಗಿಲು ಎದೆಮಟ್ಟ. ಅದು ನನ್ನ ಕೊನೆಯ ಮಾತು. ಬೇಕಾದರೆ ನಿನಗೆಂದು ಪಕ್ಕದಲ್ಲಿ ದೊಡ್ಡ ಕಿಟಕಿ ಇಡಿಸುತ್ತೇನೆ, ಕಾಲಿನಿಂದ ತಲೆತನಕ ಎಲ್ಲರನ್ನೂ ನೋಡು. ಒಳಗೆ ಬರುವುದು ಮಾತ್ರ ಬೇಡ.

ಮೇ ತಿಂಗಳಲ್ಲಿ ಇಲ್ಲಿ ನನ್ನ ಕೊನೆಯ ಕುಸ್ತಿ. ಎದುರಾಳಿ ನನ್ನ ಅರ್ಧ ವಯಸ್ಸಿನವನು, ಪಂಜಾಬಿನ ಹುಡುಗ, ಒಳ್ಳೆ ಹೋರಿಯಂತಿದ್ದಾನೆ. ಎಲ್ಲರೂ ಬೇಡ ಅನ್ನುತ್ತಿದ್ದಾರೆ. ಗೆದ್ದೇ ನೌಕರಿಗೆ ಬಂದವನು, ಗೆದ್ದೇ ಬಿಡುತ್ತೇನೆ. ಫೋಟೋ ಕಳಿಸುತ್ತೇನೆ, ಹನುಮಪ್ಪನ ಗೂಡಿನ ಪಕ್ಕ ಹಾಕಲು ಜಾಗ ಇಡು.

ಪರಮೇಶ


ಆನೆಗೊಂದಿ
10 ಜುಲೈ 1998

ಪರಮೇಶ,

ಫೋಟೋ ಇಲ್ಲ, ಪತ್ರವೂ ಇಲ್ಲ. ಗೆದ್ದ ಮೇಲೆ ಅಕ್ಕನನ್ನು ಮರೆತೆಯೋ, ಬಾಗಿಲ ಸಿಟ್ಟೋ? ಸಿಟ್ಟಾದರೆ ಬಿಡು, ಕೆಲಸದ ಸುದ್ದಿಯಾದರೂ ಕೇಳು.

ಗೋಡೆ ಎದ್ದಿದೆ, ಹೆಂಚು ಹೊದಿಸಿದ್ದಾಯಿತು. ಶ್ರೀರಾಮನಗರದ ತೊಲೆಗಳು ಎಷ್ಟು ಭಾರವೆಂದರೆ ಏರಿಸುವ ದಿನ ಸಾಣಾಪುರದಿಂದಲೂ ಜನ ಕರೆಸಬೇಕಾಯಿತು. ನಾವು ನಾರಿನ ಕೆಲಸ ಒಳಗೇ ಶುರು ಮಾಡಿದೆವು. ನೀನು ಹೇಳಿದಂತೆ ಅಖಾಡ ಅಗೆಸಿ ಕೆಮ್ಮಣ್ಣು ತುಂಬಿಸಿ, ಧೂಳೇಳದಂತೆ ದಿನಾ ನೀರು ಚಿಮುಕಿಸಿದೆವು. ಮಣ್ಣು ಹದವಾಗಿಯೇ ಇದೆ, ಆದರೆ ಮೂಲೆಯಲ್ಲಿ ಪೇರಿಸಿಟ್ಟ ನಾರೆಲ್ಲ ಬೂಸಲು ಹತ್ತಿ ಕಪ್ಪಾಯಿತು. ಕುಸ್ತಿಯ ಮಣ್ಣಿಗೆ ತೇವ ಬೇಕು, ಬಾಳೆ ನಾರಿಗೆ ತೇವ ಆಗದು. ಎರಡನ್ನೂ ಒಂದೇ ಸೂರಿನ ಕೆಳಗೆ ಇಡಲು ಹೊರಟ ಜಾಣರು ನೀನೂ ನಾನೂ. ದಾವಲಬೀ ಕಪ್ಪು ನಾರು ಕೈಯಲ್ಲಿ ಹಿಡಿದು, “ನಿಮ್ಮ ತಮ್ಮ ಬರೂಕಿಂತ ಮೊದ್ಲ ನಮ್ಮನ್ನ ಚಿತ್ ಮಾಡ್ಯಾರ ನೋಡ್ರಿ” ಅಂದಳು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಈಗ ಹೆಂಚಿನ ಕೆಳಗೆ ಅಟ್ಟ ಹಾಕಿಸಿದ್ದೇನೆ. ನಾರು ಅಟ್ಟದ ಮೇಲೆ, ಮಣ್ಣು ಕೆಳಗೆ. ಮೇಲೆ ಬೆಚ್ಚಗೆ ಒಣ ಗಾಳಿ, ನಾರು ಬಂಗಾರದ ಬಣ್ಣಕ್ಕೆ ಬಂದಿದೆ.

ಬಾಗಿಲ ಜಾಗ ಮಾತ್ರ ಖಾಲಿ ಇದೆ. ಚೌಕಟ್ಟು ಕೂರಿಸಿಲ್ಲ. ನಿನ್ನನ್ನು ಒಪ್ಪಿಸಿಯೇ ಕೂರಿಸಬೇಕೆಂದು ನನ್ನ ಹಟ. ಬೇಗ ಬರೆ.

ಕಸ್ತೂರೆಮ್ಮ


ಖರಗಪುರ
2 ಆಗಸ್ಟ್ 1998

ಅಕ್ಕಾ,

ತಡವಾಯಿತು, ಕ್ಷಮಿಸು. ಡ್ಯೂಟಿ ಹೆಚ್ಚು. ಪೆನ್ನು ಕಳೆದಿದೆ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ನಿನ್ನ ಮನಸ್ಸಿಗೆ ಬಂದಷ್ಟು ಎತ್ತರ ಇಡಿಸು. ಯೋಚಿಸಿ ನೋಡಿದೆ, ನೀನು ಹೇಳಿದ್ದೇ ಸರಿ. ಹೊಸ್ತಿಲೂ ಬೇಡ, ನೆಲ ಸಮ ಇರಲಿ. ಅಖಾಡವನ್ನು ಮುಚ್ಚಿಸಿ ಬಂಡೆ ಹಾಸಿಬಿಡು. ಇಡೀ ಜಾಗ ನಾರಿನ ಕೆಲಸಕ್ಕೆ ಆಗುತ್ತದೆ. ಕೊಂಡಿ ಹಾಕಿಸದಿದ್ದರೆ ಹಾಕಿಸಬೇಡ.

ನಾನು ಬರುವುದು ಮುಂದಕ್ಕೆ ಹೋಗಬಹುದು. ನೀವೆಲ್ಲ ಆರಾಮ ಇರಿ.

ಪರಮೇಶ


ಆನೆಗೊಂದಿ
18 ಆಗಸ್ಟ್ 1998

ನನ್ನ ಬಂಗಾರದಂಥ ತಮ್ಮಾ,

ಕೊನೆಗೂ ಸೋತೆ. ನನ್ನ ಜನ್ಮದಲ್ಲಿ ನಿನ್ನನ್ನು ಸೋಲಿಸಿದ್ದು ಇದೇ ಮೊದಲು. ಓಣಿಯಲ್ಲಿ ಪ್ರತಿಯೊಬ್ಬರಿಗೂ ಹೇಳಿದ್ದೇನೆ. ಮಾದಲಿ ಮಾಡಿ ದಾವಲಬೀಗೂ ಮಾರೆಪ್ಪನಿಗೂ ತಿನ್ನಿಸಿದೆ.

ಅಖಾಡ ಮುಚ್ಚು ಅಂದದ್ದು ನನ್ನ ನಾರು ಕಪ್ಪಾಯಿತೆಂಬ ಮರುಕದಿಂದ ಎಂದು ಗೊತ್ತಿದೆ. ಬೇಡ, ಅಟ್ಟ ಇದೆಯಲ್ಲ. ಅಖಾಡ ಇದ್ದ ಹಾಗೇ ಇರುತ್ತದೆ. ಬಾಗಿಲ ಚೌಕಟ್ಟು ನಾಳೆ ಕೂರಿಸುತ್ತೇವೆ. ಆನೆಯೂ ಹಾಯುವಷ್ಟು ಎತ್ತರ.

ಸೋತವನ ಫೋಟೋ ಹಾಕುವುದಿಲ್ಲ, ಗೆದ್ದದ್ದನ್ನೇ ಕಳಿಸು.

ಕಸ್ತೂರೆಮ್ಮ


ಆನೆಗೊಂದಿ
5 ಸೆಪ್ಟೆಂಬರ್ 1998

ಪರಮೇಶ,

ಹಿಂದಿನ ಪತ್ರ ಹರಿದು ಹಾಕು.

ಬಾಗಿಲು ಕೂರಿಸಿದ ದಿನ ನಿನ್ನ ಮಾಮಾ ನೋಡಲು ಬಂದರು. ನಾನು ಹೆಮ್ಮೆಯಿಂದ ನಡುವೆ ನಿಂತಿದ್ದೆ. ಅವರು ಬಾಗಿಲನ್ನೂ ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಅಂದರು, “ಕಸ್ತೂರಿ, ನಿನ್ನ ತಮ್ಮ ಸೋತು ಸುಮ್ನಾಗೂ ಮನಷ್ಯಾ ಅಲ್ಲ. ಏನೋ ಆಗೇತಿ ನೋಡು.” ಮೊದಲು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗೆದ್ದವಳಿಗೆ ಅಂಥ ಮಾತು ಯಾಕೆ ಕೇಳುತ್ತದೆ? ಮರುದಿನ ಅಡುಗೆ ಮಾಡುತ್ತಾ ನಿನ್ನ ಪತ್ರವನ್ನು ಇನ್ನೊಮ್ಮೆ ಓದಿದೆ, ಒಲೆ ಆರಿದ್ದೂ ಗೊತ್ತಾಗಲಿಲ್ಲ.

ಗರಡಿ ಬೇಕೆಂದು ಬರೆದವನು ಅಖಾಡ ಮುಚ್ಚು ಅನ್ನುತ್ತಾನೆ. ಹಗ್ಗ ಹತ್ತುವವನು ಕೊಂಡಿ ಬೇಡ ಅನ್ನುತ್ತಾನೆ. ಹೊಸ್ತಿಲು ಬೇಡ, ನೆಲ ಸಮ ಇರಲಿ ಅನ್ನುತ್ತಾನೆ. ಹೊಸ್ತಿಲು ಯಾರಿಗೆ ಬೇಡವಾಗುತ್ತದೆ? ಕಾಲೆತ್ತಿ ದಾಟಲು ಆಗದವರಿಗೆ. ಪೆನ್ನು ಕಳೆದಿದೆಯಂತೆ. ಹೋದ ವರ್ಷ ಜ್ವರದಲ್ಲಿ ಮಲಗಿ ನಾನೂ ನಿನಗೆ ಪತ್ರ ಬರೆಯಲು ಹೋಗಿದ್ದೆ. ಅಂಗಾತ ಮಲಗಿ ಬರೆದರೆ ಪೆನ್ನಿನಿಂದ ಶಾಯಿ ಇಳಿಯುವುದಿಲ್ಲ, ಪೆನ್ಸಿಲೇ ಬೇಕು. ಮತ್ತೆ ಆ ಎದೆಮಟ್ಟದ ಬಾಗಿಲು. ನೀನು ಅದನ್ನು ನನಗಾಗಿ ಬಿಟ್ಟುಕೊಟ್ಟೆ ಎಂದು ತಿಳಿದು ನಾನು ಊರಿಗೆಲ್ಲ ಸಿಹಿ ಹಂಚಿದೆ. ಬಗ್ಗಲು ಆಗದವನು ಬಿಟ್ಟುಕೊಟ್ಟದ್ದು ಅದು.

ಸೊಂಟಕ್ಕೆ ಏನಾಗಿದೆ? ನೆಟ್ಟಗೆ ಬರೆ. ಅರ್ಧ ಬರೆದರೆ ನಿನ್ನ ಮಾಮಾನನ್ನು ಮುಂದಿನ ರೈಲಿಗೆ ಹತ್ತಿಸುತ್ತೇನೆ.

ಅಕ್ಕ


ಖರಗಪುರ
28 ಸೆಪ್ಟೆಂಬರ್ 1998

ಅಕ್ಕಾ,

ಮಾಮಾನನ್ನು ರೈಲು ಹತ್ತಿಸಬೇಡ, ಬರೆಯುತ್ತೇನೆ.

ಮೇ ತಿಂಗಳ ಆ ಕುಸ್ತಿಯಲ್ಲಿ ಪಂಜಾಬಿನ ಹುಡುಗ ಸುಸ್ತಾಗಿದ್ದ. ಕಾಯುತ್ತಾ ಇದ್ದರೆ ಅಂಕದಲ್ಲಿ ಗೆಲ್ಲುತ್ತಿದ್ದೆ. ಜನ ಕೂಗುತ್ತಿದ್ದರು, ನನಗೆ ಎತ್ತಿ ಒಗೆಯುವ ಆಸೆಯಾಯಿತು. ಮಂಡಿ ಬಗ್ಗಿಸು, ಅವಸರ ಮಾಡಬೇಡ ಎಂದು ಆಗಷ್ಟೇ ನಿನಗೆ ಬರೆದವನು ನಾನು. ಜಂಬದಲ್ಲಿ ಸೊಂಟ ಬಗ್ಗಿಸಿ ಎತ್ತಿದೆ. ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವನು ಬೀಳಲಿಲ್ಲ, ನಾನು ಬಿದ್ದೆ. ಆಪರೇಷನ್ ಮಾಡಿದರು, ತಿಂಗಳುಗಟ್ಟಲೆ ಮಲಗಿಸಿದರು. ಈಗ ಪಟ್ಟಿ ಕಟ್ಟಿಕೊಂಡು ನಡೆಯುತ್ತೇನೆ. ಬಗ್ಗಲಾರೆ. ಚಪ್ಪಲಿಯನ್ನು ರೇಣುಕಾ ತೊಡಿಸುತ್ತಾಳೆ. ಇನ್ನು ಕುಸ್ತಿ ಇಲ್ಲವೆಂದು ಡಾಕ್ಟರು ಹೇಳಿದ್ದಾರೆ. ನಿನಗೆ ಹೇಳಬೇಡವೆಂದು ರೇಣುಕಾಳಿಗೆ ಆಣೆ ಹಾಕಿಸಿದ್ದೆ, ಅವಳನ್ನು ಬೈಯಬೇಡ.

ಇಲ್ಲಿ ಗೇಟಿನ ಬಳಿ ಕುಳಿತು ಮಾಡುವ ಹಗುರ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಒಪ್ಪಿಕೊಳ್ಳಬೇಕೆಂದಿದ್ದೇನೆ. ಊರಿಗೆ ಬರುವುದಿಲ್ಲ ಅಕ್ಕಾ. ಪೈಲ್ವಾನ ಬಂದ ಎಂದು ಹುಡುಗರು ಓಡಿ ಬರುತ್ತಾರೆ, ಅವರ ಮುಂದೆ ನಾನು ಕಂಬದ ಹಾಗೆ ನಿಂತಿರಬೇಕು. ಅಪ್ಪನ ಹೆಸರಿನ ಗರಡಿಯಲ್ಲಿ ಮಣ್ಣು ಮುಟ್ಟಲಾಗದ ಮಗ. ಅದನ್ನು ನನ್ನಿಂದ ತಾಳಲಾಗದು. ತೋಟದಲ್ಲಿನ ನನ್ನ ಪಾಲನ್ನೂ ನೀನೇ ನೋಡಿಕೊ, ನಾರಿನ ಕೆಲಸ ದೊಡ್ಡದಾಗಲಿ. ಹೇಳಿ ಕಳಿಸಿದರೆ ಸಹಿ ಮಾಡಿ ಕಾಗದ ಕಳಿಸುತ್ತೇನೆ.

ಪರಮೇಶ


ಆನೆಗೊಂದಿ
15 ಅಕ್ಟೋಬರ್ 1998

ಪರಮ್ಯಾ,

ನಿನ್ನ ಪತ್ರ ಓದಿ ತುಂಬಾ ಅತ್ತೆ. ನೀನು ಅಲ್ಲಿ ಅಂಗಾತ ಬಿದ್ದಿರುವಾಗ ನಾನು ಇಲ್ಲಿ ಮಾದಲಿ ತಿಂದು ಗೆದ್ದೆ ಗೆದ್ದೆ ಎಂದು ಕುಣಿದದ್ದು ನೆನೆದು ಇನ್ನೂ ಅತ್ತೆ. ಅತ್ತು ಮುಗಿಯಿತು. ಈಗ ನಾನು ಹೇಳುವುದನ್ನು ಕೇಳು.

ನಿನ್ನ ಪಾಲಿನ ಮಾತನ್ನು ಇನ್ನೊಮ್ಮೆ ಬರೆದರೆ ಆ ಪತ್ರ ಒಲೆಗೆ ಹೋಗುತ್ತದೆ. ಗೇಟು ಕಾಯುವ ಕೆಲಸ ಮಾಡುವವರು ನಮ್ಮ ಮನೆಯಲ್ಲಿ ಒಬ್ಬರು ಸಾಕು, ನಿನ್ನ ಮಾಮಾ ಇದ್ದಾರೆ.

ನೀನು ಒಂದು ಮುಚ್ಚಿಟ್ಟೆ, ನಾನೂ ಒಂದು ಮುಚ್ಚಿಟ್ಟಿದ್ದೇನೆ. ಗುಂಡುಕಲ್ಲು ಎತ್ತುತ್ತಿರುವುದು ನಿನ್ನ ಮಾಮಾ ಅಲ್ಲ, ಕವಿತಾ. ತಾಲೀಮು ಬಿದ್ದ ಜಾಗದಲ್ಲಿ ಹೂತುಹೋಗಿದ್ದ ಅಪ್ಪನ ಗುಂಡನ್ನು ಅವಳೇ ಹೊರಳಿಸಿಕೊಂಡು ತೋಟಕ್ಕೆ ತಂದಳು. ಈಗ ಹೆಗಲಿಗೆ ಏರಿಸುತ್ತಾಳೆ. ಕಾಲೇಜಿನಲ್ಲಿ ಹುಡುಗಿಯರ ಕುಸ್ತಿಯೂ ಇರುತ್ತದೆಂದು ಯಾರೋ ಹೇಳಿದ್ದಾರೆ, ಅಂದಿನಿಂದ ತಲೆಯಲ್ಲಿ ಅದೇ. ದಾವಲಬೀಯ ಮಗಳು ಅಮೀನಾಬೀಯನ್ನು ಜೊತೆ ಮಾಡಿಕೊಂಡು ಮುಂಜಾನೆ ಅಖಾಡಕ್ಕೆ ಇಳಿಯುತ್ತಾಳೆ. ಹೆಣ್ಣುಮಕ್ಕಳು ಮಣ್ಣಿಗೆ ಇಳಿಯುತ್ತಾರೆಂದು ಗೊತ್ತಾದರೆ ನೀನು ಊರ ಕಡೆ ತಲೆ ಹಾಕುವುದಿಲ್ಲ ಎಂದು ಹೆದರಿ ನಾನು ಬರೆಯಲಿಲ್ಲ. ಎತ್ತರದ ಬಾಗಿಲಿಗೆ ಜಗಳ ಮಾಡಿದ್ದು ಬಾಳೆ ಹೊರೆಗಾಗಿ ಅಷ್ಟೇ ಅಲ್ಲ. ನನ್ನ ಮಗಳು ಕುಸ್ತಿ ಆಡುವುದನ್ನು ನಾನು ಕಾಲು ನೋಡಿ ತಿಳಿಯಬಾರದು.

ಆದರೆ ಹೇಳಿಕೊಡುವವರಿಲ್ಲ. ನಿನ್ನ ಏಪ್ರಿಲ್ ಪತ್ರವನ್ನು ಓದಿಸಿ ಓದಿಸಿ ಕಾಗದ ಹರಿಯಲು ಬಂದಿದೆ. ಗುಂಡು ಎತ್ತುವುದು ಪತ್ರದಿಂದ ಬಂತು, ಹಿಡಿತ ಬರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಜಾತ್ರೆಯಲ್ಲಿ ಕಳೆದು ಸಿಕ್ಕ ಅಕ್ಕತಂಗಿಯರಂತೆ ನಿಲ್ಲುತ್ತಾರೆ. ಹೋದ ವಾರ ಕವಿತಾಳ ಹೆಗಲು ಜಾರಿತು, ಬಾವು ಇಳಿದಿದೆ, ನನ್ನ ಎದೆಬಡಿತ ಇಳಿದಿಲ್ಲ. ಹೀಗೇ ಬಿಟ್ಟರೆ ಯಾರದಾದರೂ ಕೈ ಮುರಿಯುತ್ತದೆ. ನಿಲ್ಲಿಸು ಅಂದರೆ ನಿಲ್ಲಿಸುವ ಹುಡುಗಿಯಲ್ಲ. ನಿನ್ನ ಸೋದರ ಸೊಸೆ, ಹಟ ಎಲ್ಲಿಂದ ಬಂತೆಂದು ಬೇರೆ ಹೇಳಬೇಕೇ?

ನಿನ್ನ ಸೊಂಟದ ಸುದ್ದಿ ಅವಳಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು, “ಮಾಮಾ ಯಾಕ ಬಗ್ಗಬೇಕವ್ವ? ಬಗ್ಗಾಕ ನಾವು ಅದೀವಿ. ಅವರು ಕುಂತು ಬೈದ್ರ ಸಾಕು.”

ನನಗೂ ಪೈಲ್ವಾನ ಬೇಡ. ಉಸ್ತಾದ ಬೇಕು. ಅಪ್ಪ ಕೊನೆಯ ವರ್ಷಗಳಲ್ಲಿ ಮಣ್ಣಿಗೆ ಇಳಿದದ್ದು ಎಷ್ಟು? ಕಟ್ಟೆಯ ಮೇಲೆ ಕೂತು ಬೈದೇ ನಿನ್ನನ್ನು ಖರಗಪುರದ ತನಕ ಕಳಿಸಲಿಲ್ಲವೇ?

ಒಂದು ವಿಚಿತ್ರ ಹೇಳುತ್ತೇನೆ. ಬಾಗಿಲು ಎತ್ತರ ಇದೆ, ಕಟ್ಟಿಸಿದವಳು ನಾನೇ, ಅಟ್ಟಕ್ಕೆ ದಿನಾ ಹತ್ತಿ ಇಳಿಯುತ್ತೇನೆ. ಆದರೆ ಅಖಾಡದ ಅಂಚಿಗೆ ಬಂದರೆ ನನ್ನ ಕಾಲು ತಾನೇ ನಿಂತುಬಿಡುತ್ತದೆ. ಅಪ್ಪ ಗದರಿದ ಹಾಗಾಗುತ್ತದೆ. ಇವತ್ತಿನವರೆಗೂ ಆ ಮಣ್ಣನ್ನು ನಾನು ಮೆಟ್ಟಿಲ್ಲ.

ಬರುತ್ತೀಯೋ ಇಲ್ಲವೋ ಒಂದೇ ಸಾಲಿನಲ್ಲಿ ಬರೆ.

ಅಕ್ಕ


ಖರಗಪುರ
6 ನವೆಂಬರ್ 1998

ಅಕ್ಕಾ,

ಒಂದೇ ಸಾಲಿನಲ್ಲಿ ಬರೆಯಲು ಆಗುವುದಿಲ್ಲ, ಬೈಯುವುದು ಬಹಳ ಇದೆ. ಪೆನ್ನು ಸಿಕ್ಕಿದೆ. ಕೂತು ಬರೆಯುತ್ತಿದ್ದೇನೆ.

ನಿನ್ನ ಪತ್ರ ಓದಿ ನನಗೆ ಮೊದಲು ಬಂದದ್ದು ಸಿಟ್ಟು. ಹುಡುಗಿಯರು ಇಳಿದರೆಂದಲ್ಲ. ಅದರ ವಿಚಾರ ಮಾಡುತ್ತಾ ಎರಡು ದಿನ ನಿದ್ದೆಗೆಟ್ಟೆ, ಅಪ್ಪನ ಜೊತೆ ಮನಸ್ಸಿನಲ್ಲೇ ಜಗಳ ಆಡಿದೆ, ಕೊನೆಗೆ ಅಪ್ಪನೇ ಸುಮ್ಮನಾದರು. ಸಿಟ್ಟು ಬಂದದ್ದು ಹೆಗಲು ಜಾರಿದ ಸುದ್ದಿಗೆ. ಕಲಿಸುವವರಿಲ್ಲದೆ ಹೆಗಲು ಕೊಟ್ಟು ಹಿಡಿಯುತ್ತಾರೆಯೇ? ಕವಿತಾಳಿಗೆ ಹೇಳು, ನಾನು ಬರುವವರೆಗೆ ಅಖಾಡ ಬಂದ್. ಗುಂಡೂ ಬಂದ್. ಮುಂಜಾನೆ ಬಸ್ಕಿ, ದಂಡ, ಆನಂತರ ಅಮೀನಾಬೀಯ ಜೊತೆ ಸಾಣಾಪುರದ ಕೆರೆಯ ತನಕ ಓಟ. ಬಸ್ಸು ತಪ್ಪುತ್ತದೆಂಬ ನೆಪ ಹೇಳಿದರೆ ಗಂಗಾವತಿಗೂ ಓಡಿಸುತ್ತೇನೆ.

ಕೆಮ್ಮಣ್ಣಿಗೆ ಬರೀ ನೀರು ಹಾಕಿ ಹದ ಮಾಡಿದ್ದೀರಂತೆ. ಆ ಮಣ್ಣನ್ನೆಲ್ಲ ತೆಗೆದು ಬದನೆ ಗಿಡಕ್ಕೆ ಹಾಕಿಸು. ಹೊಸ ಮಣ್ಣು ಜರಡಿ ಹಿಡಿಸಿ ಇಡು. ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆ, ಬೇವು, ಎಷ್ಟೆಷ್ಟು ಎಂದು ನಾನು ಬಂದು ಕೂತು ಹೇಳುತ್ತೇನೆ, ಮಾರೆಪ್ಪ ಕಲಸಲಿ.

ಗೇಟಿನ ಕೆಲಸ ಬೇಡವೆಂದು ಬರೆದುಕೊಟ್ಟೆ. ಇಪ್ಪತ್ತು ವರ್ಷ ತುಂಬಿದ ಕೂಡಲೇ, ಮಾರ್ಚಿನಲ್ಲಿ ನಾನೂ ರೇಣುಕಾನೂ ಹೊರಡುತ್ತೇವೆ. ಹೊಸಪೇಟೆ ಸ್ಟೇಷನ್ನಿಗೆ ಮಾಮಾ ಬರಲಿ. ನಡೆದೇ ಊರೊಳಗೆ ಬರುತ್ತೇನೆ, ನೋಡುವವರು ನೋಡಲಿ. ನಾಚಿಕೆ ಇನ್ನೂ ಪೂರ್ತಿ ಹೋಗಿಲ್ಲ, ಆದರೆ ಬೈಯುವ ಕೆಲಸ ಇಷ್ಟು ಬಾಕಿ ಇರುವಾಗ ನಾಚಿಕೊಳ್ಳುತ್ತಾ ಕೂರಲು ಪುರುಸೊತ್ತಿಲ್ಲ.

ಇನ್ನು ಒಂದು ಪದ್ಧತಿ ಇದೆ. ನೀನು ಹೊರಗೆ ನಿಂತಿರುತ್ತಿದ್ದೆ, ಅದಕ್ಕೆ ನಿನಗೆ ಗೊತ್ತಿಲ್ಲ. ಹೊಸ ಮಣ್ಣು ತುಂಬಿದ ದಿನ ಪೈಲ್ವಾನರು ಮೊದಲು ಇಳಿಯುವುದಿಲ್ಲ. ಮನೆಗೆ ಹಿರಿಯರಾದವರು ಇಳಿದು, ಸಲಿಕೆಯಿಂದ ಮಣ್ಣು ತಿರುವಿ, ಒಂದು ಹಿಡಿ ತೆಗೆದು ಎಲ್ಲರ ಹಣೆಗೆ ಹಚ್ಚಬೇಕು. ಅಪ್ಪನ ಗರಡಿಯಲ್ಲಿ ಅಜ್ಜ ಇಳಿದಿದ್ದರು. ಈಗ ಅಜ್ಜನೂ ಇಲ್ಲ, ಅಪ್ಪನೂ ಇಲ್ಲ. ಮನೆಗೆ ಹಿರಿಯಳು ನೀನು.

ಕಾಲು ನಿಂತರೆ ನಿಲ್ಲಲಿ, ನಾನು ಕುರ್ಚಿಯಲ್ಲಿ ಕಾಯುತ್ತೇನೆ. ಸೀರೆಗೆ ಕಚ್ಚೆ ಹಾಕು, ಬಲಗಾಲು ಮೊದಲು ಇಡು. ನೀನು ಇಳಿಯುವ ತನಕ ಆ ಗರಡಿಯಲ್ಲಿ ಯಾರೂ ಇಳಿಯುವುದಿಲ್ಲ. ಇದು ತಮ್ಮನ ಮಾತಲ್ಲ, ಉಸ್ತಾದನ ಹುಕುಂ.

ಪರಮೇಶ